ವಾಲಗದ ಮನೆಯಿಂದ ವಿಶ್ವವಿದ್ಯಾಲಯದವರೆಗೆ: ಸ್ಯಾಕ್ಸೋಫೋನಿನ ಒಂದು ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಕೇಳಲು ಸಮಿತಿಯ ಗೆಳೆಯರು ಮನೆಗೆ ಬಂದಿದ್ದರು. ಶಾಲೆಗೆ ಜಾಗ ಕೊಟ್ಟವರು, ಕಟ್ಟಡ ಎಬ್ಬಿಸಿದವರು, ಮೊದಲ ತಂಡದ ಫಲಿತಾಂಶ, ಕಬಡ್ಡಿಯಲ್ಲಿ ಗೆದ್ದು ತಂದ ಕಪ್ಪು, ಇವುಗಳ ಬಗ್ಗೆ ಬರೆಯಲು ಬೇರೆಯವರು ಇದ್ದಾರೆ, ನೀವು ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದವರು, ಯಾವುದಾದರೂ ಚರಿತ್ರೆ ಬರೆದುಕೊಡಿ ಎಂದರು. ಹೊಯ್ಸಳರನ್ನೋ ಹಾಗಲವಾಡಿ ಪಾಳೆಯಗಾರರನ್ನೋ ಬರೆಯುತ್ತೇನೆಂದು ಅವರು ಎಣಿಸಿದ್ದಿರಬೇಕು. ನನಗೆ ಮಾತ್ರ ಅದೇ ವಾರ ಮನೆಯಲ್ಲಿ ಎದ್ದಿದ್ದ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು.

ಪ್ರಶ್ನೆ ಕೇಳಿದವಳು ನನ್ನ ತಮ್ಮನ ಮೊಮ್ಮಗಳು. ಈಗ ನಮ್ಮ ಶಾಲೆಯಲ್ಲೇ ಎಂಟನೇ ತರಗತಿ. ಕೊಬ್ಬರಿ ಕಾಯಿ ಇಳಿಸಲು ಅಟ್ಟ ಹತ್ತಿದವಳು ಮೂಲೆಯಲ್ಲಿದ್ದ ಒಂದು ಕಪ್ಪು ಪೆಟ್ಟಿಗೆಯನ್ನೂ ಇಳಿಸಿಕೊಂಡು ಬಂದಳು. ಅದರೊಳಗೆ ನಮ್ಮಪ್ಪನ ಸ್ಯಾಕ್ಸೋಫೋನು. ಹೊಗೆ ಹಿಡಿದು ಹಿತ್ತಾಳೆ ಕಪ್ಪಾಗಿತ್ತು. ಒಳಗಿನ ತೊಗಲನ್ನು ಹುಳ ತಿಂದಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಾ ಆಕೆ ಕೇಳಿದಳು: "ದೊಡ್ಡತಾತ, ಇದನ್ನ ನುಡಿಸ್ಕೊಂಡೇ ಓದೋಕಾಗಲ್ವಾ? ಎರಡ್ರಲ್ಲಿ ಒಂದನ್ನ ಬಿಡ್ಲೇಬೇಕಾ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಸುಮಾರು ನಲವತ್ತು ವರ್ಷದ ಹಿಂದೆ ಇದೇ ಪ್ರಶ್ನೆಗೆ ಇದೇ ಮನೆಯ ಜಗಲಿಯ ಮೇಲೆ ನಾನೊಂದು ಉತ್ತರ ಕೊಟ್ಟಿದ್ದೆ. ಆ ಉತ್ತರ ತಪ್ಪಾಗಿತ್ತು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮದು ವಾಲಗದ ಮನೆ. ನಮ್ಮ ತಾತ, ಅಪ್ಪ ಇಬ್ಬರೂ ನಾಗಸ್ವರದವರು. ಸುತ್ತಮುತ್ತಲ ಹತ್ತಾರು ಹಳ್ಳಿಗಳ ಮದುವೆ, ಜಾತ್ರೆ, ತೇರು, ಗೃಹಪ್ರವೇಶಗಳಿಗೆ ನಮ್ಮ ಮನೆಯಿಂದ ವಾಲಗ ಹೋಗಬೇಕು. ಮೂವತ್ತು ತೆಂಗಿನ ಮರವಿದ್ದ ಒಂದು ತುಂಡು ತೋಟವೂ ಇತ್ತು. ಈ ಶಾಲೆ ಶುರುವಾದ ಎರಡನೆಯ ವರ್ಷ ನಾನು ಎಂಟನೇ ತರಗತಿಗೆ ಸೇರಿದೆ. ಲಗ್ನದ ಕಾಲದಲ್ಲಿ ಶಾಲೆ ತಪ್ಪಿಸಿ ಅಪ್ಪನ ಹಿಂದೆ ಶ್ರುತಿಪೆಟ್ಟಿಗೆ ಒತ್ತಲು ಹೋಗುತ್ತಿದ್ದೆ. ಒಮ್ಮೆ ನನ್ನ ತರಗತಿಯ ಹುಡುಗನ ಅಕ್ಕನ ಮದುವೆ. ಗೆಳೆಯರೆಲ್ಲ ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದರು. ಚಪ್ಪರದ ಮೂಲೆಯಲ್ಲಿ ಶ್ರುತಿ ಒತ್ತುತ್ತಿದ್ದ ನನ್ನನ್ನು ನೋಡಿ ಒಬ್ಬ ಕೈಬೀಸಿ ಕರೆದ. ನಾನು ನೋಡಲಿಲ್ಲವೆಂಬಂತೆ ತಲೆ ಬಗ್ಗಿಸಿಕೊಂಡೆ. ವಾಲಗದವರಿಗೆ ಊಟ ಕೊನೇ ಪಂಕ್ತಿಯಲ್ಲಿ. ಗಟ್ಟಿಮೇಳದ ಹೊತ್ತಿನಲ್ಲಿ ಒಂದು ಕ್ಷಣ ವಾಲಗ ನಿಂತರೆ ಊರೇ ಗಾಬರಿಯಾಗುತ್ತದೆ. ತಾಳಿ ಕಟ್ಟಿ ಮುಗಿದ ಮೇಲೆ ವಾಲಗದವರು ಎಲ್ಲಿದ್ದಾರೆಂದು ಯಾರೂ ಕೇಳುವುದಿಲ್ಲ. ಆ ದಿನವೇ ನಾನು ಓದಿ ಈ ಕೆಲಸದಿಂದ ಹೊರಗೆ ಹೋಗಬೇಕೆಂದು ತೀರ್ಮಾನಿಸಿದೆ. ನಮ್ಮ ಮೇಷ್ಟ್ರುಗಳೂ ಓದಿದರೆ ಏನಾಗಬಹುದು ಎಂಬುದಕ್ಕೆ ಇದೇ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿ 'ಭಾರತೀಯ ಕಾವ್ಯಮೀಮಾಂಸೆ' ಬರೆದ ತೀ.ನಂ. ಶ್ರೀಕಂಠಯ್ಯನವರ ಹೆಸರು ಹೇಳುತ್ತಿದ್ದರು. ಓದು ಒಂದು ದಾರಿ, ವಾಲಗ ಇನ್ನೊಂದು ದಾರಿ, ಎರಡೂ ಸೇರುವುದಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು.

ನಾನು ಬಿ.ಇಡಿ. ಮುಗಿಸುವ ಹೊತ್ತಿಗೆ ಅಪ್ಪ ಎರಡು ವರ್ಷದ ಕೊಬ್ಬರಿ ದುಡ್ಡನ್ನು ತಿಪಟೂರಿನ ಮಂಡಿಯಿಂದ ಒಟ್ಟಿಗೆ ತಂದು, ಬೆಂಗಳೂರಿನ ಬ್ಯಾಂಡ್ ಸೆಟ್ಟಿನವರೊಬ್ಬರಿಂದ ಹಳೆಯ ಸ್ಯಾಕ್ಸೋಫೋನು ಕೊಂಡು ತಂದರು. ಅವ್ವ ಮೂರು ದಿನ ಮಾತು ಬಿಟ್ಟಳು. ಯಾಕೆ ತಂದೆ ಎಂದರೆ ಅಪ್ಪ ಹೇಳಿದ್ದು ಒಂದೇ ಮಾತು: "ಕದ್ರಿಯೋರು ನುಡಿಸಿದ್ದು ಕೇಳ್ದೆ."

ಈ ವಾದ್ಯ ನಮ್ಮ ಚಪ್ಪರಕ್ಕೆ ಬಂದದ್ದು ಬಹಳ ದೂರದಿಂದ. ಬೆಲ್ಜಿಯಂನ ದಿನಾಂ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ವಾದ್ಯ ಮಾಡುವವರ ಮನೆಯ ಮಗ. ಪ್ಯಾರಿಸ್ಸಿಗೆ ಹೋಗಿ 1846ರಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಪಡೆದ. ಹೆಸರು ಅವನದೇ. ಒಡಲು ಹಿತ್ತಾಳೆಯದಾದರೂ ಬಾಯಿಗಿಡುವ ಕಡೆ ಬೆತ್ತದಂಥ ಜೊಂಡಿನ ಒಂದು ಪಟ್ಟಿ ಇರುತ್ತದೆ. ಅದು ಅದುರಿದರೆ ಮಾತ್ರ ನಾದ. ಅದಕ್ಕೇ ಬಲ್ಲವರು ಇದನ್ನು ಕೊಳಲು, ಕ್ಲಾರಿನೆಟ್ಟುಗಳ ಜಾತಿಗೆ ಸೇರಿಸುತ್ತಾರೆ, ತುತ್ತೂರಿಯ ಜಾತಿಗಲ್ಲ. ಸ್ಯಾಕ್ಸನ ಬದುಕು ಸುಖವಾಗಿರಲಿಲ್ಲ. ಎದುರಾಳಿ ವಾದ್ಯ ತಯಾರಕರು ಹೂಡಿದ ವ್ಯಾಜ್ಯಗಳಲ್ಲಿ ಸವೆದು, ದಿವಾಳಿಯೆದ್ದು, 1894ರಲ್ಲಿ ತೀರಿಕೊಂಡ.

ನಮ್ಮ ವಿಷಯಕ್ಕೆ ಬೇಕಾದ ಸಂಗತಿ ಇನ್ನೊಂದಿದೆ. ಪ್ಯಾರಿಸ್ಸಿನ ಹೆಸರಾಂತ ಸಂಗೀತ ವಿದ್ಯಾಲಯದಲ್ಲಿ 1857ರಿಂದ ಸ್ಯಾಕ್ಸನೇ ಮಿಲಿಟರಿ ವಾದ್ಯಗಾರರಿಗೆ ಪಾಠ ಹೇಳುತ್ತಿದ್ದ. 1870ರಲ್ಲಿ ಯುದ್ಧ ಬಂದು ಆ ತರಗತಿ ಮುಚ್ಚಿತು. ಮತ್ತೆ ಅಲ್ಲಿ ಸ್ಯಾಕ್ಸೋಫೋನ್ ಪಾಠ ಶುರುವಾದದ್ದು 1942ರಲ್ಲಿ. ಅಂದರೆ ಹುಟ್ಟಿದ ಊರಿನ ಉನ್ನತ ವಿದ್ಯಾಲಯವೇ ಎಪ್ಪತ್ತೆರಡು ವರ್ಷ ಇದನ್ನು ಬಾಗಿಲ ಹೊರಗೆ ನಿಲ್ಲಿಸಿತ್ತು. ಅಷ್ಟೂ ಕಾಲ ಅದು ಬದುಕಿದ್ದು ಮಿಲಿಟರಿ ಬ್ಯಾಂಡುಗಳಲ್ಲಿ, ಸರ್ಕಸ್ಸಿನಲ್ಲಿ, ಕುಣಿತದ ಮನೆಗಳಲ್ಲಿ, ಆಮೇಲೆ ಅಮೆರಿಕದ ಕಪ್ಪು ಜನರ ಜಾಜ್ ಸಂಗೀತದಲ್ಲಿ. ಕೊನೇ ಪಂಕ್ತಿಯ ಊಟ ಅದಕ್ಕೂ ಗೊತ್ತಿತ್ತು.

ಅಮೆರಿಕದಲ್ಲಿಯೂ ಜಾಜ್ ಸಂಗೀತವನ್ನು ಕಾಲೇಜಿನೊಳಕ್ಕೆ ಬಿಟ್ಟುಕೊಂಡದ್ದು ತಡವಾಗಿಯೇ. ಉತ್ತರ ಟೆಕ್ಸಾಸಿನ ವಿದ್ಯಾಲಯದಲ್ಲಿ ಮೊದಲ ಬಾರಿಗೆ ಅದಕ್ಕೊಂದು ಪದವಿ ತರಗತಿ ಶುರುವಾದದ್ದು 1947ರಲ್ಲಿ. ಆಗ ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬರುತ್ತಿತ್ತು. ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನ ಬೇರು 1945ರದು. ಸ್ಯಾಕ್ಸೋಫೋನಿನ ದೊಡ್ಡ ಗುರುವೆಂದು ಇಂದು ಆ ಕಾಲೇಜುಗಳಲ್ಲೆಲ್ಲ ಪಾಠ ಮಾಡುವ ಚಾರ್ಲಿ ಪಾರ್ಕರ್ ಮಾತ್ರ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವನಲ್ಲ. 34 ವರ್ಷಕ್ಕೇ, 1955ರಲ್ಲಿ, ಸತ್ತುಹೋದ.

ಇನ್ನು ನಮ್ಮ ನಾಡಿಗೆ ಬರೋಣ. ಪರದೇಶದ ವಾದ್ಯ ನಮ್ಮ ಸಂಗೀತಕ್ಕೆ ಹೇಗೆ ಒಗ್ಗೀತು ಎಂದು ಮೂಗು ಮುರಿಯುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಕಚೇರಿಯಲ್ಲಿ ಇಂದು ಅನಿವಾರ್ಯವಾಗಿರುವ ಪಿಟೀಲು ಹಡಗಿನಲ್ಲಿ ಬಂದದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮದಾಗಿಸಿದರು. ಕ್ಲಾರಿನೆಟ್ಟನ್ನು ತಿರುಚಿನಾಪಳ್ಳಿಯ ಎ.ಕೆ.ಸಿ. ನಟರಾಜನ್ ಕಚೇರಿ ವೇದಿಕೆಗೆ ಏರಿಸಿದರು. ನಾಟಕದ ಹಾರ್ಮೋನಿಯಂ ಬಗ್ಗೆ ಗುಬ್ಬಿ ಕಂಪನಿಯ ಜಿಲ್ಲೆಯವರಿಗೆ ನಾನು ಹೇಳಬೇಕಾದ್ದಿಲ್ಲ. ಸ್ಯಾಕ್ಸೋಫೋನಿನ ಸರದಿ ಬಂದದ್ದು ಕದ್ರಿ ಗೋಪಾಲನಾಥರಿಂದ.

ಅವರು ಹುಟ್ಟಿದ್ದು 1949ರ ಡಿಸೆಂಬರ್ 6ರಂದು, ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಅಪ್ಪನಿಂದ ನಾಗಸ್ವರ ಕಲಿಯುತ್ತಿದ್ದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮರುಳಾದ. ಮೈಸೂರು ಅರಸರಿಗೆ ಎರಡೂ ಸಂಗೀತ ಬೇಕಿತ್ತು. ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರೂ ಇದ್ದರು, ಇಂಗ್ಲಿಷ್ ಬ್ಯಾಂಡೂ ಇತ್ತು. ಜಯಚಾಮರಾಜ ಒಡೆಯರಂತೂ ದೇವಿಯ ಮೇಲೆ ಕೃತಿ ರಚಿಸಿದವರು, ಪಾಶ್ಚಾತ್ಯ ಸಂಗೀತದ ಪರೀಕ್ಷೆಯನ್ನೂ ಮುಗಿಸಿದವರು. ಆ ಅರಮನೆ ಇಲ್ಲದಿದ್ದರೆ ಸಜಿಪದ ಹುಡುಗನಿಗೆ ಆ ಹಿತ್ತಾಳೆ ವಾದ್ಯ ಎಲ್ಲಿ ಕಾಣಬೇಕಿತ್ತು?

ಕಾಣುವುದು ಸುಲಭ, ಒಗ್ಗಿಸುವುದು ಕಷ್ಟ. ಇಲ್ಲಿ ವಾಲಗದ ಮನೆಯವನಾಗಿ ಎರಡು ಮಾತು ಬಿಡಿಸಿ ಹೇಳಬೇಕು. ನಾಗಸ್ವರಕ್ಕೆ ಏಳು ತೂತು, ಬೆರಳೇ ಮುಚ್ಚಳ. ಬೆರಳನ್ನು ಪೂರ್ತಿ ತೆಗೆಯದೆ ಅರ್ಧ ಜಾರಿಸಿ, ಕಾಲು ಜಾರಿಸಿ, ಉಸಿರನ್ನು ಬಿಗಿ ಮಾಡಿ ಸಡಿಲ ಮಾಡಿ, ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗಬಹುದು. ಆ ಎಳೆತ, ಆ ತೂಗಾಟವೇ ಗಮಕ. ಗಮಕವಿಲ್ಲದ ತೋಡಿ ತೋಡಿಯೇ ಅಲ್ಲ. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ತೂತಿಗೂ ಸಂಬಂಧವೇ ಇಲ್ಲ. ಇಪ್ಪತ್ತಕ್ಕೂ ಹೆಚ್ಚು ಕೀಲಿಗಳು. ಕೀಲಿ ಒತ್ತಿದರೆ ತೊಗಲು ಹಚ್ಚಿದ ಒಂದು ಬಟ್ಟಲು ಹೋಗಿ ತೂತನ್ನು ಟಪ್ಪನೆ ಮುಚ್ಚುತ್ತದೆ, ಬಿಟ್ಟರೆ ಟಪ್ಪನೆ ತೆರೆಯುತ್ತದೆ. ನಡುವೆ ಅರ್ಧವೂ ಇಲ್ಲ, ಕಾಲೂ ಇಲ್ಲ. ಮೆಟ್ಟಿಲ ಮೇಲೆ ನಡೆಯಲು ಮಾಡಿದ ವಾದ್ಯದಲ್ಲಿ ಜಾರುಬಂಡೆ ಆಡಬೇಕು! ಗೋಪಾಲನಾಥರು ಕೀಲಿಗಳ ರಚನೆಯಲ್ಲೇ ಮಾರ್ಪಾಡು ಮಾಡಿಕೊಂಡರು. ಉಳಿದದ್ದನ್ನು ತುಟಿ, ಗಂಟಲು, ಉಸಿರಿನಿಂದ ತುಂಬಿಸಿದರು. ಇದಕ್ಕೆ ಹೆಚ್ಚುಕಡಿಮೆ 20 ವರ್ಷ ಹಿಡಿಯಿತು.

ಅವರ 'ಉನ್ನತ ಶಿಕ್ಷಣ' ನಡೆದದ್ದು ಗುರುಗಳ ಮನೆಯಲ್ಲಿ. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಹಾಡುಗಾರಿಕೆಯ ಕ್ರಮದಲ್ಲೇ ಪಾಠ. ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನ. ಅವರು ಮೃದಂಗವನ್ನೂ ನುಡಿಸಬಲ್ಲ, ಹಾಡಲೂ ಬಲ್ಲ ವಿದ್ವಾಂಸರು, ಹುಡುಗನಲ್ಲಿದ್ದದ್ದನ್ನು ಗುರುತಿಸಿದರು. 1980ರ ಮುಂಬಯಿ ಜಾಜ್ ಉತ್ಸವದಲ್ಲಿ ಅಮೆರಿಕದ ಜಾಜ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಇವರ ವಾದನ ಕೇಳಿ, ತಾನೇ ಮುಂದಾಗಿ ಜೊತೆಯಲ್ಲಿ ನುಡಿಸಿದ. ಅಲ್ಲಿಂದ ಹೊರನಾಡುಗಳ ಬಾಗಿಲು ತೆರೆಯಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯುವ ಬಿಬಿಸಿ ಪ್ರಾಮ್ಸ್ ಉತ್ಸವಕ್ಕೆ ಆಹ್ವಾನಿತರಾದ ಮೊದಲ ಕರ್ನಾಟಕ ಸಂಗೀತಗಾರ ಇವರೇ. ಅದೇ ವರ್ಷ ಕೆ. ಬಾಲಚಂದರ್ ಅವರ 'ಡ್ಯುಯೆಟ್' ಚಿತ್ರದಲ್ಲಿ ಎ.ಆರ್. ರೆಹಮಾನ್ ಇವರಿಂದ ನುಡಿಸಿದರು. ಕಚೇರಿಗೆ ಎಂದೂ ಹೋಗದವರ ಮನೆಗೂ ಆ ನಾದ ಕ್ಯಾಸೆಟ್ಟಿನಲ್ಲಿ ತಲುಪಿತು. 2004ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಗುರುಮನೆಯಲ್ಲಿ ಕಲಿತವರಿಗೆ ವಿಶ್ವವಿದ್ಯಾಲಯದ ಬಾಗಿಲು ಹಾಗೆ ಕೊನೆಯಲ್ಲಿ ತೆರೆಯುತ್ತದೆ, ಶಾಲು ಹೊದಿಸುವುದಕ್ಕೆ. ಅದು ಸಣ್ಣ ಮಾತಲ್ಲ. ಆದರೆ ಹದಿಮೂರು ವರ್ಷದ ಹುಡುಗಿಗೆ ಅದನ್ನು ಉತ್ತರವೆಂದು ಹೇಳಲಾಗುವುದಿಲ್ಲ.

ಈಗ ನನ್ನ ತಪ್ಪಿನ ಕಥೆ. ಅಪ್ಪ ತಂದ ಸ್ಯಾಕ್ಸೋಫೋನನ್ನು ಕೈಗೆತ್ತಿಕೊಂಡವನು ನನ್ನ ತಮ್ಮ. ಎಸ್ಸೆಸ್ಸೆಲ್ಸಿಯಲ್ಲಿ ಅವನಿಗೆ ಗಣಿತ ಹೋಗಿತ್ತು. ಆದರೆ ಆಕಾಶವಾಣಿಯಲ್ಲಿ ಒಂದು ಸಲ ಕೇಳಿದ ಕೀರ್ತನೆಯ ಪಲ್ಲವಿಯನ್ನು ಸಂಜೆಯೊಳಗೆ ನುಡಿಸಿಬಿಡುತ್ತಿದ್ದ. ಒಂದು ವರ್ಷವಾದ ಮೇಲೆ ಮಂಗಳೂರಿಗೆ ಹೋಗಿ ಕ್ರಮವಾಗಿ ಕಲಿಯುತ್ತೇನೆ, ಹಾಗೇ ಗಣಿತವನ್ನೂ ಕಟ್ಟುತ್ತೇನೆ, ಎರಡು ವರ್ಷ ಖರ್ಚಿಗೆ ಕೊಡಣ್ಣ ಎಂದು ಕೇಳಿದ. ನನಗೆ ಆಗಷ್ಟೇ ಮೇಷ್ಟ್ರ ಕೆಲಸ ಸಿಕ್ಕಿತ್ತು. ಕೊಡುವ ಶಕ್ತಿ ಸ್ವಲ್ಪವಾದರೂ ಇತ್ತು. "ವಾಲಗ ಊದೋಕೆ ಮಂಗಳೂರಿಗೆ ಹೋಗ್ಬೇಕೇನೋ? ಓದೋದಾದ್ರೆ ಓದು, ಊದೋದಾದ್ರೆ ಇಲ್ಲೇ ಊದು" ಎಂದೆ. ಅವನು ಎದುರು ಮಾತಾಡಲಿಲ್ಲ. ಇಲ್ಲೇ ಊದಿದ. ಮೂವತ್ತು ವರ್ಷ ಹುಳಿಯಾರು, ಶೆಟ್ಟಿಕೆರೆ, ಹಂದನಕೆರೆ, ತುರುವೇಕೆರೆ ಸೀಮೆಯ ಮದುವೆಗಳಲ್ಲಿ ನುಡಿಸಿದ. ಒಂದು ದಿನ ಮಳೆಯಲ್ಲಿ ಸ್ಕೂಟರಿನಿಂದ ಬಿದ್ದು ಮುಂದಿನ ಹಲ್ಲು ಹೋಯಿತು. ಈ ವಾದ್ಯದ ಬಾಯಿತುಂಡು ಮೇಲ್ಹಲ್ಲಿನ ಮೇಲೆ ಕೂರಬೇಕು. ಕಟ್ಟಿಸಿದ ಹಲ್ಲಿಗೆ ಅದು ಕೂರಲೇ ಇಲ್ಲ. ಪೆಟ್ಟಿಗೆ ಅಟ್ಟ ಸೇರಿತು. ನಾನು ಆ ಮೂವತ್ತು ವರ್ಷವೂ ಬೇರೆ ಬೇರೆ ಊರುಗಳ ಮಕ್ಕಳಿಗೆ ಕೈಗಾರಿಕಾ ಕ್ರಾಂತಿಯ ಕಾರಣಗಳನ್ನು ಬರೆಸುತ್ತಿದ್ದೆ.

ಓದೂ ನಾದವೂ ಒಂದೇ ದಾರಿಯಲ್ಲಿ ಹೋಗಬಹುದೆಂದು ನನಗೆ ತೋರಿಸಿಕೊಟ್ಟದ್ದು ಒಂದು ಹೆಸರು. ನಿವೃತ್ತನಾಗುವ ಸ್ವಲ್ಪ ಮುಂಚೆ ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಕದ್ರಿಯವರದೊಂದು ಆಲ್ಬಂ ಹಾಕಿದ. ಅವರ ಜೊತೆಗೆ ಇನ್ನೊಂದು ಸ್ಯಾಕ್ಸೋಫೋನು. ಅದು ಯಾರು ಎಂದೆ. "ರುದ್ರೇಶ್ ಮಹಾಂತಪ್ಪ ಅಂತೆ ಅಪ್ಪ, ಅಮೆರಿಕದವರು" ಎಂದ. ನಾನು ನಕ್ಕೆ. ರುದ್ರೇಶ, ಮಹಾಂತಪ್ಪ! ನಮ್ಮ ಹಾಜರಿ ಪುಸ್ತಕದಲ್ಲಿ ಒಂದೊಂದು ತರಗತಿಗೆ ಇಬ್ಬರಾದರೂ ಸಿಗುವ ಹೆಸರು. ತಿಪಟೂರಿನ ಮಂಡಿಯಲ್ಲಿ ನಿಂತು ಕೂಗಿದರೆ ನಾಲ್ಕು ಜನ ತಿರುಗಿ ನೋಡಿಯಾರು.

ಅವರ ವಿಷಯ ಹುಡುಕಿ ಓದಿದೆ. ತಂದೆ ಕೆ.ಟಿ. ಮಹಾಂತಪ್ಪನವರು ಭೌತವಿಜ್ಞಾನಿ. ಹಾರ್ವರ್ಡಿನಲ್ಲಿ ಜೂಲಿಯನ್ ಶ್ವಿಂಗರ್ ಎಂಬ ನೊಬೆಲ್ ಪುರಸ್ಕೃತರ ಶಿಷ್ಯರಾಗಿದ್ದು, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. ಮಗ ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ, ಬೆಳೆದದ್ದು ಕೊಲರಾಡೊದ ಬೋಲ್ಡರ್ ಎಂಬ ಊರಿನಲ್ಲಿ. ಮನೆಯ ಹಿರಿಯರ ಮಾತು ಕನ್ನಡ. ಅವರು ಸ್ಯಾಕ್ಸೋಫೋನ್ ಹಿಡಿದದ್ದು ಶಾಲೆಗೆ ಹೋಗುವ ವಯಸ್ಸಿನಲ್ಲೇ. ಅಲ್ಲಿನ ಶಾಲೆಗಳಲ್ಲಿ ಗಣಿತ, ವಿಜ್ಞಾನದಂತೆ ವಾದ್ಯವೃಂದವೂ ವೇಳಾಪಟ್ಟಿಯೊಳಗೇ ಇರುತ್ತದೆ. ನಮ್ಮಲ್ಲೂ ಕೆಲವು ಪ್ರೌಢಶಾಲೆಗಳಿಗೆ ಸಂಗೀತ ಶಿಕ್ಷಕರ ಹುದ್ದೆ ಇದೆ, ನಮ್ಮ ಶಾಲೆಗಿಲ್ಲ. ಸಮಿತಿಯವರು ಇದನ್ನು ಓದಿ ಗುರುತು ಹಾಕಿಕೊಂಡರೆ ಸಂತೋಷ.

ಮುಂದೆ ಅವರು ಹೋದದ್ದು ಮೇಲೆ ಹೇಳಿದ ಅದೇ ಉತ್ತರ ಟೆಕ್ಸಾಸಿಗೆ. ಅಲ್ಲಿಂದ ಬಾಸ್ಟನ್ನಿನ ಬರ್ಕ್ಲೀಗೆ ಬಂದು ಪದವಿ ಮುಗಿಸಿದರು. ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆಮೇಲೆ ನ್ಯೂಯಾರ್ಕಿಗೆ ಹೋಗಿ ಊರೂರು ತಿರುಗಿ ಕಚೇರಿ ಕೊಡುವ ಕಲಾವಿದರಾದರು. ದಾರಿ ನೇರವಾಗಿತ್ತೆಂದು ತಿಳಿಯಬಾರದು. ಹೆಸರು ನೋಡಿ, ಬಣ್ಣ ನೋಡಿ ಅಲ್ಲಿಯವರು ಇವರಿಗೆ ಭಾರತೀಯ ಸಂಗೀತ ಹುಟ್ಟಿನಿಂದಲೇ ಬರುತ್ತದೆಂದು ತಿಳಿದುಕೊಳ್ಳುತ್ತಿದ್ದರಂತೆ. ಇವರು ಕಲಿಯುತ್ತಿದ್ದುದು ಚಾರ್ಲಿ ಪಾರ್ಕರನನ್ನು. ಬರ್ಕ್ಲೀಯಲ್ಲಿ ಓದುವ ದಿನಗಳಲ್ಲಿ ಅವರ ಅಣ್ಣ ತಮಾಷೆಗೆಂದು ಒಂದು ಆಲ್ಬಂ ತಂದುಕೊಟ್ಟರು. ಹೆಸರು 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್'. ನುಡಿಸಿದವರು ಕದ್ರಿ ಗೋಪಾಲನಾಥ್. ತಮಾಷೆಯ ಉಡುಗೊರೆ ತಮ್ಮನನ್ನು ಬೆರಗುಗೊಳಿಸಿತು. ತನ್ನ ಕೈಯಲ್ಲಿರುವ ವಾದ್ಯವೇ, ತನ್ನ ಹಿರಿಯರ ನಾಡೇ, ಆದರೆ ತನಗೆ ಗೊತ್ತೇ ಇಲ್ಲದ ಸಂಗೀತ. ಆ ಅಣ್ಣ ತಮ್ಮನಿಗೆ ಕೊಟ್ಟದ್ದನ್ನೂ ನಾನು ನನ್ನ ತಮ್ಮನಿಗೆ ಕೊಡದೆ ಇದ್ದದ್ದನ್ನೂ ಪಕ್ಕಪಕ್ಕ ಇಟ್ಟು ನೋಡುವುದು ನನಗೆ ಸುಲಭವಾಗಿರಲಿಲ್ಲ.

2004ರಲ್ಲಿ ರುದ್ರೇಶರು 'ಮದರ್ ಟಂಗ್', ಅಂದರೆ ತಾಯ್ನುಡಿ, ಎಂಬ ಆಲ್ಬಂ ಹೊರತಂದರು. ಅದರ ಹಿನ್ನೆಲೆ ಸ್ವಾರಸ್ಯವಾಗಿದೆ. ನೀವು 'ಇಂಡಿಯನ್' ಭಾಷೆ ಮಾತಾಡುತ್ತೀರಾ ಎಂದು ಅಮೆರಿಕದಲ್ಲಿ ಯಾರಾದರೂ ಕೇಳುವುದುಂಟಲ್ಲ, ಅಂಥ ಪ್ರಶ್ನೆಗೆ ಅಲ್ಲಿ ನೆಲೆಸಿದ ಭಾರತೀಯರಿಂದ ಅವರವರ ಭಾಷೆಯಲ್ಲೇ ಉತ್ತರ ಹೇಳಿಸಿ ಧ್ವನಿಮುದ್ರಿಸಿಕೊಂಡರು. ಆ ಮಾತುಗಳ ಏರಿಳಿತವನ್ನು ಸ್ವರಗಳಾಗಿ ಬರೆದುಕೊಂಡು, ಅದರ ಮೇಲೆ ಸಂಗೀತ ಕಟ್ಟಿದರು. ಒಂದೊಂದು ರಚನೆಗೆ ಒಂದೊಂದು ಭಾಷೆಯ ಹೆಸರು. ಅದರಲ್ಲೊಂದರ ಹೆಸರು 'ಕನ್ನಡ'. ನಾವು ದಿನಾ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕೊಬ್ಬರಿ ಹರಾಜಿನಲ್ಲಿ ಆಡುವ ಮಾತಿಗೆ ಒಂದು ರಾಗವಿದೆಯೆಂದು ಅಷ್ಟು ದೂರದಲ್ಲಿ ಕುಳಿತವರೊಬ್ಬರು ಕಿವಿಗೊಟ್ಟು ಕೇಳಿದ್ದಾರೆ. ನನ್ನ ಮಟ್ಟಿಗೆ ಅವರ ಪುರಸ್ಕಾರಗಳಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ. ಪುರಸ್ಕಾರಗಳೂ ಇವೆ. 2007ರಲ್ಲಿ ಗುಗೆನ್‌ಹೈಮ್ ಫೆಲೋಷಿಪ್ ಸಿಕ್ಕಿತು.

2008ರಲ್ಲಿ ಇಬ್ಬರೂ ಸೇರಿ ನುಡಿಸಿದ ಆಲ್ಬಂ ಬಂತು. ಮಗ ನನಗೆ ಕೇಳಿಸಿದ್ದು ಅದೇ. ಹೆಸರು 'ಕಿನ್ಸ್‌ಮೆನ್', ನಮ್ಮ ಮಾತಿನಲ್ಲಿ ನೆಂಟರು, ಬಳಗದವರು. ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರ್ ಶ್ರೀಜಿ, ಜೊತೆಗೆ ಗಿಟಾರ್, ಬಾಸ್, ಡ್ರಮ್. ಒಬ್ಬರು ನಾಗಸ್ವರದ ಮನೆಯಿಂದ ಹೊರಟು ಗುರುಗಳ ಮನೆ ಹಾದು ಬಂದವರು. ಇನ್ನೊಬ್ಬರು ಪ್ರಾಧ್ಯಾಪಕರ ಮನೆಯಿಂದ ಹೊರಟು ಮೂರು ವಿದ್ಯಾಲಯ ಹಾದು ಬಂದವರು. ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ರುದ್ರೇಶ್ ಮಹಾಂತಪ್ಪನವರು 2016ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಜ್ ವಿಭಾಗದ ನಿರ್ದೇಶಕರಾದರು. ಐನ್‌ಸ್ಟೀನ್ ಕೊನೆಯ ದಿನಗಳನ್ನು ಕಳೆದ ಊರು ಅದು. ಅಲ್ಲಿನ ವಿದ್ಯಾರ್ಥಿಗಳಲ್ಲಿ ಗಣಿತ ಓದುವವರು, ಎಂಜಿನಿಯರಿಂಗ್ ಓದುವವರು ಕೂಡ ವಾದ್ಯ ಹಿಡಿದು ಅವರ ಮುಂದೆ ಕೂರುತ್ತಾರೆ.

ಹುಡುಗಿಗೆ ನಾನು ಇಷ್ಟನ್ನೂ ಹೇಳಿದೆ. ನಮ್ಮ ಕೈಗೆ ಎಟುಕುವುದನ್ನೂ ಹೇಳಿದೆ. ನಮ್ಮ ರಾಜ್ಯದಲ್ಲೇ ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿವೆ, ಹಿಂದೆ ಎಸ್ಸೆಸ್ಸೆಲ್ಸಿ ನಡೆಸುವ ಪರೀಕ್ಷಾ ಮಂಡಳಿಯೇ ಅವನ್ನು ನಡೆಸುತ್ತಿತ್ತು. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, "ಹಂಗಾದ್ರೆ ತಾತಂಗೆ ಯಾಕೆ ಬೇಡ ಅಂದ್ರಿ?" ಎಂದಳು. ತಮ್ಮ ಪಕ್ಕದಲ್ಲೇ ಕೂತು ಕೊಬ್ಬರಿ ಸುಲಿಯುತ್ತಿದ್ದ. "ಆಗ ನಿಮ್ಮ ದೊಡ್ಡತಾತಂಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ, ಬಿಡವ್ವ" ಎಂದ. ಅವನು ಹಾಗೆ ಹೇಳಿದ್ದು ದೊಡ್ಡತನ. ನನಗೆ ಅಷ್ಟೂ ಗೊತ್ತಿರಲಿಲ್ಲವೆಂಬುದು ನಿಜವಲ್ಲ. ನನಗೆ ಆಗ ಬೇಕಾಗಿದ್ದುದು ಮೇಷ್ಟ್ರ ತಮ್ಮ ವಾಲಗದವನು ಎಂಬ ಮಾತು ನನ್ನ ಸ್ಟಾಫ್ ರೂಮಿಗೆ ತಲುಪದೆ ಇರುವುದು. ಐವತ್ತು ವರ್ಷದ ಶಾಲೆಯ ಸಂಚಿಕೆಯಲ್ಲಿ ಇದನ್ನು ಬರೆಯದಿದ್ದರೆ ಉಳಿದ ಚರಿತ್ರೆ ಬರೆದು ಉಪಯೋಗವಿಲ್ಲ ಅನ್ನಿಸಿ ಬರೆಯುತ್ತಿದ್ದೇನೆ.

ಸ್ಯಾಕ್ಸೋಫೋನನ್ನು ಬೆಂಗಳೂರಿಗೆ ಕಳಿಸಿ ರಿಪೇರಿ ಮಾಡಿಸಿದ್ದೇವೆ. ಹೊಸ ತೊಗಲು ಹಾಕಿ, ಸ್ಪ್ರಿಂಗ್ ಬದಲಿಸಿ ಕೊಟ್ಟಿದ್ದಾರೆ. ಪೆಟ್ಟಿಗೆ ತೆರೆದರೆ ಈಗಲೂ ಅಟ್ಟದ ಹೊಗೆಯ ವಾಸನೆ ಬರುತ್ತದೆ. ತಮ್ಮನಿಗೆ ಊದಲು ಆಗದು. ಬಾಯಲ್ಲಿ ಸ್ವರ ಹಾಡುತ್ತಾ, ಅವಳ ಬೆರಳುಗಳನ್ನು ಹಿಡಿದು ಕೀಲಿಗಳ ಮೇಲಿಟ್ಟು ಹೇಳಿಕೊಡುತ್ತಾನೆ. ಬೆಳಿಗ್ಗೆ ಐದೂವರೆಗೆ ಶುರು. ಮಾಯಾಮಾಳವಗೌಳದ ಸರಳೆ ವರಸೆ ನಡೆಯುತ್ತಿದೆ. ಅಕ್ಕಪಕ್ಕದವರು ಇನ್ನೂ ಬೈದಿಲ್ಲ.

ಮೊನ್ನೆ ಸಂಜೆ ಜಗಲಿಯ ಮೇಲೆ ಕೂತು 'ಕಿನ್ಸ್‌ಮೆನ್' ಹಾಕಿದೆ. ತಮ್ಮ ಕಣ್ಣುಮುಚ್ಚಿ ಕೇಳಿದ. ಬೆರಳುಗಳು ತೊಡೆಯ ಮೇಲೆ ಆಡುತ್ತಿದ್ದವು. ಯಾರು ಕದ್ರಿಯವರು, ಯಾರು ರುದ್ರೇಶರು ಎಂದು ನನಗೆ ಕೆಲವೆಡೆ ತಿಳಿಯುತ್ತಿರಲಿಲ್ಲ. ಅವನು ಒಮ್ಮೆಯೂ ತಪ್ಪದೆ ಹೇಳುತ್ತಿದ್ದ. ಹೇಗೆ ಗೊತ್ತಾಗುತ್ತದೆ ಎಂದೆ.

"ಇಬ್ಬರೂ ಉಸಿರು ತಗೊಳ್ಳೋ ಜಾಗ ಬೇರೆ ಬೇರೆ ಕಣಣ್ಣ" ಎಂದ. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಇನ್ನೊಂದ್ಸಲ ಹಾಕವ್ವ, ಈ ಸಲ ನೀನು ಹೇಳು" ಎಂದ.